ಪ್ಯಾಂಕ್ರಿಯಾಟೈಟಿಸ್ ಆದವರಿಗೆ ಗ್ಯಾಸ್ ಯಾಕೆ ಹೋಗುವುದಿಲ್ಲ?

ಪ್ರಶ್ನೆ (ಡೊಂಬಿವಲಿ): ಡಾಕ್ಟ್ರೇ, ನಮ್ಮ ಯಜಮಾನರಿಗೆ ಪಿತ್ತಕೋಶದ ಕಲ್ಲಿನಿಂದ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿ ಅಡ್ಮಿಟ್ ಮಾಡಿ ಮೂರು ದಿನ ಆಯಿತು. ನೋವು ಇಳಿದಿದೆ. ಆದರೆ ಹೊಟ್ಟೆ ತಮಟೆಯ ಹಾಗೆ ಬಿಗಿದಿದೆ, ಸಂಡಾಸ್ ಇಲ್ಲ, ಗ್ಯಾಸೂ ಹೋಗಿಲ್ಲ. ಕಾಯಿಲೆ ಪ್ಯಾಂಕ್ರಿಯಾಸ್‌ನದ್ದು, ಕರುಳು ಯಾಕೆ ನಿಂತಿತು? ಅತ್ತೆ ಫ್ಲಾಸ್ಕಿನಲ್ಲಿ ಓಮದ ಕಷಾಯ ತಂದು ಕೂತಿದ್ದಾರೆ. ಹರಳೆಣ್ಣೆ ಕೊಡಿ ಅಂತಲೂ ಹೇಳುತ್ತಾರೆ.

ಉತ್ತರ (ಗ್ಯಾಸ್ಟ್ರೋ ಸರ್ಜನ್, ಮುಲುಂಡ್): ತಂಗಿ, ಫ್ಲಾಸ್ಕ್ ಮುಚ್ಚಿಯೇ ಇರಲಿ. ಹರಳೆಣ್ಣೆಯಂತೂ ಬೇಡವೇ ಬೇಡ.

ಕರುಳಿನ ಗೋಡೆಯೊಳಗೇ ಒಂದು ನರಗಳ ಬಲೆ ಇದೆ. ಊಟವನ್ನು ಹಿಂಡಿ ಮುಂದೆ ತಳ್ಳುವಂತೆ ಸ್ನಾಯುವಿಗೆ ಹೇಳುವುದು ಅದೇ. ಅದಕ್ಕೆ ತಾಳ ಹಾಕುವುದು ಆ ಗೋಡೆಯಲ್ಲೇ ಇರುವ ಕಹಾಲ್ ಎಂಬ ಕೋಶಗಳು. ಪ್ಯಾಂಕ್ರಿಯಾಸ್ ಕರುಳಿಗೆ ಅಂಟಿಕೊಂಡೇ ಇರುವುದರಿಂದ ಅದರ ಉರಿಯೂತ ಪಕ್ಕಕ್ಕೂ ಹರಡುತ್ತದೆ. ಎಷ್ಟೋ ಸಲ ಎಕ್ಸ್‌ರೇಯಲ್ಲಿ ಪ್ಯಾಂಕ್ರಿಯಾಸ್ ಹತ್ತಿರದ ಕರುಳಿನ ಒಂದೇ ಒಂದು ಸುತ್ತು ಗಾಳಿ ತುಂಬಿ ಉಬ್ಬಿ ಕಾಣುತ್ತದೆ. ಉರಿಯೂತದ ರಾಸಾಯನಿಕಗಳು ಆ ಬಲೆಯನ್ನು ಮಂಕು ಮಾಡುತ್ತವೆ. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಕಹಾಲ್ ಕೋಶಗಳು ಕಡಿಮೆಯಾದದ್ದೂ ಕಂಡಿದೆ. ಜೊತೆಗೆ ತೀವ್ರ ನೋವು, ಪೊಟ್ಯಾಸಿಯಮ್ ಇಳಿಯುವುದು, ಮಾರ್ಫಿನ್ ಜಾತಿಯ ನೋವಿನ ಇಂಜೆಕ್ಷನ್, ಇವೂ ಕರುಳನ್ನು ಮಲಗಿಸುತ್ತವೆ. ಹಾಗಂತ ನೋವು ತಡೆದುಕೊಳ್ಳಲು ಹೇಳಬೇಡಿ. ಪೊಟ್ಯಾಸಿಯಮ್ ಎಷ್ಟಿದೆ, ಇಂಜೆಕ್ಷನ್ ಬದಲಿಸಬಹುದೇ ಅಂತ ರೌಂಡ್ಸಿನಲ್ಲಿ ಕೇಳಿ.

ಪ್ರಶ್ನೆ: ಬೆಳಿಗ್ಗೆ ಸಿಸ್ಟರ್ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು, ಏನೂ ಹೇಳಲಿಲ್ಲ. ಈಗ ಮೂಗಿನ ನಳಿಕೆಯಲ್ಲಿ ಫೀಡ್ ಶುರು ಮಾಡುತ್ತಾರಂತೆ. ಗ್ಯಾಸೇ ಹೋಗದವರಿಗೆ ಆಹಾರವಾ?

ಉತ್ತರ: ನಿಮ್ಮ ಭಯ ಸಹಜ. ನೋವು ಪೂರ್ತಿ ನಿಲ್ಲುವ ತನಕ ಉಪವಾಸ ಇಡುವುದೇ ಹಿಂದಿನ ಪದ್ಧತಿ. ಈಗ ರೋಗಿ ತಡೆದುಕೊಳ್ಳುವಂತಾದ ಕೂಡಲೇ ಶುರು ಮಾಡುತ್ತೇವೆ, ಆದರೆ ಹನಿಹನಿಯಾಗಿ. ಖಾಲಿ ಬಿದ್ದ, ನಿಂತ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಒಳಪದರ ಸೋರತೊಡಗುತ್ತದೆ. ಅಲ್ಲಿಂದ ದಾಟಿದ ಸೋಂಕು ಪ್ಯಾಂಕ್ರಿಯಾಸ್‌ನಲ್ಲಿ ಉರಿಯೂತದಿಂದ ಸತ್ತ ಭಾಗವೇನಾದರೂ ಇದ್ದು ಅದಕ್ಕೆ ಹತ್ತಿದರೆ ಕಾಯಿಲೆ ಕೈಮೀರುತ್ತದೆ. ನನಗೆ ಹೊಟ್ಟೆ ಉಬ್ಬರಕ್ಕಿಂತ ದೊಡ್ಡ ಚಿಂತೆ ಅದೇ. ರಕ್ತನಾಳದಲ್ಲಿ ಕೊಡುವ ಪೋಷಣೆಗಿಂತ ಈ ನಳಿಕೆಯೇ ಮೇಲು. ವಾಂತಿ ಆದರೆ, ಹೊಟ್ಟೆ ಮತ್ತೂ ಉಬ್ಬಿದರೆ ಫೀಡ್ ನಿಧಾನ ಮಾಡುತ್ತಾರೆ.

ಡಾಕ್ಟರು ಒಪ್ಪಿದರೆ ಕೈಹಿಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಸಿ. ಮೂತ್ರ ಕಡಿಮೆಯಾದರೆ, ಉಸಿರು ಎಳೆಯಲು ಕಷ್ಟವಾದರೆ, ಹೊಟ್ಟೆ ಕಲ್ಲಿನಂತಾದರೆ, ಜ್ವರ ಬಂದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಸಿಸ್ಟರನ್ನು ಎಬ್ಬಿಸಿ.

ಪ್ರಶ್ನೆ (ಮರುದಿನ): ಸಂಜೆ ಹೊಟ್ಟೆಯಲ್ಲಿ ಗುಳುಗುಳು ಅಂದಿತು ಡಾಕ್ಟ್ರೇ. ರಾತ್ರಿ ಗ್ಯಾಸ್ ಹೋಯಿತು. ಅತ್ತೆ ದೇವರಿಗೆ ಕೈಮುಗಿದರು.

ಉತ್ತರ: ಓದಿ ಮನಸ್ಸು ಹಗುರಾಯಿತು ತಂಗಿ. ಇನ್ನು ಕಲ್ಲಿನ ವಿಷಯ ಮರೆಯಬೇಡಿ. ಕಾಯಿಲೆ ಸೌಮ್ಯವಾಗಿದ್ದರೆ ಡಿಸ್ಚಾರ್ಜಿಗೆ ಮುಂಚೆಯೇ ಪಿತ್ತಕೋಶ ತೆಗೆಸುವುದು ಒಳ್ಳೆಯದು. ಪ್ಯಾಂಕ್ರಿಯಾಸ್ ಸುತ್ತ ನೀರು ತುಂಬಿದ್ದರೆ ಕೆಲವು ವಾರ ಕಾಯಬೇಕು. ಸ್ಕ್ಯಾನ್ ನೋಡಿ ನಿಮ್ಮ ಡಾಕ್ಟರೇ ಹೇಳುತ್ತಾರೆ.