ಸಿಡಿ ರಿಪ್ ಬೇಗ ಆಗಬೇಕು, ತಪ್ಪೂ ಇರಬಾರದು: ಸೆಟ್ಟಿಂಗ್ ಹೇಗಿಡೋದು?

ಬೆಳ್ಳಿತಟ್ಟೆ:
ಕಪಾಟು ತುಂಬ ಆಡಿಯೋ ಸಿಡಿ ಇವೆ. ಎಲ್ಲವನ್ನೂ ರಿಪ್ ಮಾಡಿ (ಕಂಪ್ಯೂಟರಿಗೆ ಇಳಿಸಿ) ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಆಡಿಯೋ ಫೈಲ್) ಆಗಿ ಇಟ್ಟುಕೊಳ್ಳಬೇಕು ಅಂತ ಹೊರಟಿದ್ದೇನೆ. ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ರಿಪ್ ಸಾಫ್ಟ್‌ವೇರ್ ಹಾಕಿಕೊಂಡೆ. ಸೆಕ್ಯೂರ್ ಮೋಡ್, ಡ್ರೈವಿಗೆ ಕ್ಯಾಶ್ (ಓದಿದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿ) ಇದೆ ಅಂತ ಟಿಕ್, ಸಿ2 ಆಫ್, ಎರರ್ ರಿಕವರಿ ಹೈ. ಒಂದೂ ಗೀರು ಇಲ್ಲದ ಡಿಸ್ಕಿಗೂ ಅರ್ಧ ಗಂಟೆ ಮೇಲೆ ಹಿಡಿಯುತ್ತಿದೆ! ಒಂದೇ ಸಲ ಓದಿ ಮುಗಿಸುವ ಬರ್ಸ್ಟ್ ಮೋಡ್‌ನಲ್ಲಿ ಕೆಲವೇ ನಿಮಿಷ ಸಾಕು, ಆದರೆ ಅದನ್ನು ನಂಬಬೇಡಿ ಅಂತ ಎಲ್ಲ ಕಡೆ ಬರೆದಿದ್ದಾರೆ. ಡೇಟಾ ಸಿಡಿ ಕಾಪಿ ಮಾಡುವಾಗ ಇಲ್ಲದ ತಲೆನೋವು ಇದಕ್ಕೆ ಮಾತ್ರ ಯಾಕೆ?

ಸೊನ್ನೆಒಂದು:
ಕೊನೆಯ ಪ್ರಶ್ನೆ ಮೊದಲು. ಎರಡೂ ಡಿಸ್ಕಿನಲ್ಲಿ ಒಂದು ಸೆಕ್ಟರ್ (ಡಿಸ್ಕಿನ ಒಂದು ತುಂಡು) ಅಂದರೆ 2352 ಬೈಟ್. ಡೇಟಾ ಸಿಡಿಯಲ್ಲಿ ಅದರಲ್ಲಿ 2048 ಮಾತ್ರ ನಿಮ್ಮ ಫೈಲಿಗೆ, ಉಳಿದದ್ದು ಸೆಕ್ಟರ್ ವಿಳಾಸಕ್ಕೆ ಮತ್ತು ತಪ್ಪು ಹಿಡಿದು ಸರಿಪಡಿಸುವುದಕ್ಕೆ. ಆಡಿಯೋ ಸಿಡಿಯಲ್ಲಿ ಪೂರ್ತಿ 2352 ಕೂಡ ಹಾಡೇ. ಹಾಗಾಗಿ ಆ ಹೆಚ್ಚಿನ ಕಾವಲು ಇಲ್ಲ. ಓದಲಾಗದ ಕಡೆ ಡ್ರೈವ್ ಅಕ್ಕಪಕ್ಕದ ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ನೋಡಿ ಅಂದಾಜಿನಲ್ಲಿ ತುಂಬಿ, ಏನೂ ಆಗಿಲ್ಲ ಅನ್ನುವ ಹಾಗೆ ಮುಂದೆ ಹೋಗಬಹುದು.

ಸೆಕ್ಯೂರ್ ಮೋಡ್ ಅದಕ್ಕೇ ಪ್ರತಿ ಜಾಗವನ್ನೂ ಎರಡು ಸಲ ಓದಿ ಹೋಲಿಸುತ್ತದೆ. ಡ್ರೈವಿನಲ್ಲಿ ಕ್ಯಾಶ್ ಇದ್ದರೆ ಎರಡನೇ ಸಲ ಡಿಸ್ಕ್ ಮುಟ್ಟದೆ ಹಳೆಯದನ್ನೇ ಕೊಟ್ಟುಬಿಡುತ್ತದಲ್ವಾ, ಅದನ್ನು ತಪ್ಪಿಸಲು ಪ್ರತಿ ಸಲ ಬೇರೆ ಕಡೆಯದನ್ನು ಓದಿಸಿ ಕ್ಯಾಶ್ ಖಾಲಿ ಮಾಡಿಸಬೇಕು. ನಿಮ್ಮ ಅರ್ಧ ಗಂಟೆ ಹೋಗುತ್ತಿರುವುದು ಅಲ್ಲೇ.

ನನ್ನ ಪ್ರಕಾರ ಒಳ್ಳೆ ಡಿಸ್ಕಿಗೆ ಇದು ಸುಮ್ನೆ ಸಮಯ ದಂಡ. ಬರ್ಸ್ಟ್‌ನಲ್ಲಿ ರಿಪ್ ಮಾಡಿ, ಆಕ್ಯುರೇಟ್‌ರಿಪ್ (ಬೇರೆಯವರ ರಿಪ್‌ಗಳ ಚೆಕ್‌ಸಮ್ ಇಟ್ಟಿರುವ ಡೇಟಾಬೇಸ್) ಜೊತೆ ತಾಳೆ ನೋಡಿ. ಚೆಕ್‌ಸಮ್ ಅಂದರೆ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ. ಬೇರೆಯವರು ಬೇರೆ ಡ್ರೈವಿನಲ್ಲಿ ತೆಗೆದ ಚೆಕ್‌ಸಮ್ಮೇ ನಿಮಗೂ ಬಂದಿದ್ದರೆ ಇಬ್ಬರಿಗೂ ಒಂದೇ ತಪ್ಪು ಆಗಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನಬಹುದು. ತಾಳೆಯಾಗದ ಟ್ರ್ಯಾಕ್ ಮಾತ್ರ ಸೆಕ್ಯೂರ್‌ನಲ್ಲಿ ಮತ್ತೆ ತೆಗೆಯಿರಿ.

ಆಫ್‌ಸೆಟ್‌ರಾಯ:
ಮೇಲಿನದಕ್ಕೆ ನನ್ನದೂ ಓಟು, ಆದರೆ ರೀಡ್ ಆಫ್‌ಸೆಟ್ ಸರಿ ಮಾಡದೆ ಶುರು ಮಾಡಬೇಡಿ. ಪ್ರತಿ ಮಾಡೆಲ್ ಡ್ರೈವ್ ಕೆಲವು ಸ್ಯಾಂಪಲ್ ಆಚೀಚೆ ಓದುತ್ತದೆ. +6, +667, ಹೀಗೆ. 667 ಅಂದರೂ ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಕಿವಿಗೆ ಗೊತ್ತೇ ಆಗದಷ್ಟು, ಆದರೆ ಚೆಕ್‌ಸಮ್ ಪೂರ್ತಿ ಬೇರೆಯಾಗುತ್ತದೆ. ಡೇಟಾಬೇಸಿನಲ್ಲಿರುವ ಒಂದೆರಡು ಜನಪ್ರಿಯ ಸಿಡಿ ಹಾಕಿದರೆ ಸಾಫ್ಟ್‌ವೇರ್ ತಾನೇ ಆಫ್‌ಸೆಟ್ ಕಂಡುಹಿಡಿಯುತ್ತದೆ.

ಸಿ2 ಬಗ್ಗೆ: ಎಲ್ಲೆಲ್ಲಿ ಓದಲು ಕಷ್ಟವಾಯಿತು ಅಂತ ಡ್ರೈವ್ ತಾನಾಗಿ ಹೇಳುವುದು ಅದು. ನಿಜ ಹೇಳುವ ಡ್ರೈವ್ ಆದರೆ ಸೆಕ್ಯೂರ್ ಮೋಡ್ ಕೂಡ ಒಂದೇ ಸಲ ಓದಿ ಮುಂದೆ ಓಡುತ್ತದೆ. ಸುಳ್ಳು ಹೇಳುವ ಡ್ರೈವ್‌ಗಳೂ ಇವೆ, ಪರೀಕ್ಷೆ ಮಾಡದೆ ಆನ್ ಮಾಡಬೇಡಿ.

ಬೆಳ್ಳಿತಟ್ಟೆ:
ಆಫ್‌ಸೆಟ್ ಹಾಕಿದೆ, ಬಹಳಷ್ಟು ಡಿಸ್ಕ್ ಬರ್ಸ್ಟ್‌ನಲ್ಲೇ ತಾಳೆಯಾಗುತ್ತಿವೆ. ಥ್ಯಾಂಕ್ಸ್! ಆದರೆ ಕೆಲವು ಅಪರೂಪದವು ಡೇಟಾಬೇಸಿನಲ್ಲೇ ಇಲ್ಲ. ಅವಕ್ಕೆ ಏನು ಮಾಡೋದು?

ಸೊನ್ನೆಒಂದು:
ಅದೇ ಸಾಫ್ಟ್‌ವೇರಿನ ಟೆಸ್ಟ್ ಅಂಡ್ ಕಾಪಿ ಬಳಸಿ. ಟ್ರ್ಯಾಕ್ ಪೂರ್ತಿ ಒಮ್ಮೆ ಓದಿ, ಮತ್ತೆ ಓದಿ, ಎರಡರ ಸಿಆರ್‌ಸಿ (ಅದೂ ಒಂದು ಚೆಕ್‌ಸಮ್ಮೇ) ಹೋಲಿಸುತ್ತದೆ. ಇಲ್ಲಿ ಕ್ಯಾಶ್ ಚಿಂತೆ ಇಲ್ಲ. ನಾಲ್ಕು ನಿಮಿಷದ ಹಾಡು ಅಂದರೆ 40 ಎಂಬಿ ಹತ್ತಿರ, ಅಷ್ಟು ಡ್ರೈವಿನ ಕ್ಯಾಶ್‌ನಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಎರಡನೇ ಸಲವೂ ಡಿಸ್ಕಿನಿಂದಲೇ ಬರಬೇಕು. ಎರಡೂ ಸಲ ಒಂದೇ ತಪ್ಪು ಬರಬಹುದು, ನಿಜ. ಅನುಮಾನ ಇದ್ದರೆ ಬೇರೆ ಡ್ರೈವಿನಲ್ಲಿ ಇನ್ನೊಮ್ಮೆ ಓದಿಸಿ.

ಗೀರುಗಣಪ:
ಗೀರು ಬಿದ್ದವಕ್ಕೆ ಸೆಕ್ಯೂರ್ ಹಾಕುವ ಮೊದಲು ಒರೆಸಿ ನೋಡಿ ಮಾರಾಯ್ರೆ. ಮೆತ್ತನೆ ಬಟ್ಟೆ, ನಡುವಿನಿಂದ ಅಂಚಿಗೆ ನೇರ. ಸುತ್ತು ಸುತ್ತಾಗಿ ಒರೆಸಿದರೆ ಹೊಸ ಗೀರು ಟ್ರ್ಯಾಕ್ ಉದ್ದಕ್ಕೇ ಬೀಳುತ್ತದೆ, ಅದು ಇನ್ನೂ ಕೆಟ್ಟದ್ದು. ಆಮೇಲೆ ಸ್ಪೀಡ್ ಇಳಿಸಿ ಓದಿಸಿ. ಆದರೂ ಒಂದೆರಡು ಕಡೆ ಕೆಟ್ಟರೆ ಕ್ಯೂಟೂಲ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಡಿಸ್ಕ್ ಅದರ ಡೇಟಾಬೇಸಿನಲ್ಲಿದ್ದರೆ ಅಲ್ಲಿರುವ ರಿಕವರಿ ಡೇಟಾದಿಂದ ಸಣ್ಣಪುಟ್ಟ ತಪ್ಪನ್ನು ರಿಪ್ ಆದ ಫೈಲಿನಲ್ಲೇ ಸರಿ ಮಾಡುತ್ತದೆ. ಅದಕ್ಕೆ ಡಿಸ್ಕಿನ ಎಲ್ಲ ಟ್ರ್ಯಾಕೂ ಬೇಕು, ಕೆಟ್ಟ ಹಾಡು ಅಂತ ಒಂದೂ ಅಳಿಸಬೇಡಿ.

ಫ್ಲಾಕ್ ಕುಗ್ಗಿಸುವ ಲೆವೆಲ್ 5 ಇರಲಿ, 8 ಇರಲಿ, ಹಾಡು ಒಂದೇ. 8ರಲ್ಲಿ ಫೈಲ್ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೆ.