ಟಾಂಗ್ ಕಾಲದ ಐದು ಶಿಕ್ಷೆಗಳು: ‘ದಂಡ’ ಅಂದರೆ ಏಟೋ, ದುಡ್ಡೋ?

ಎಲ್ಲರಿಗೂ ನಮಸ್ಕಾರ.

ಚೀನಾದ ಹಳೆಯ ಕಾನೂನಿನ ಬಗ್ಗೆ ಚಿಕ್ಕದೊಂದು ಬರಹ ಬರೆಯುತ್ತಿದ್ದೇನೆ. ಐದು ಪದಗಳಿಗೆ ಸರಿಯಾದ ಕನ್ನಡ ಸಿಗದೆ ಬಂಡಿ ನಿಂತಿದೆ. ಟಾಂಗ್ ಅರಸುಮನೆತನದ ಕಾನೂನು ಪುಸ್ತಕವಾದ ಕ್ರಿ.ಶ. 653ರ ಟಾಂಗ್ ಸಂಹಿತೆಯಲ್ಲಿ ಶಿಕ್ಷೆ ಐದು ಬಗೆ: ಸಣ್ಣ ಕೋಲಿನ ಏಟು, ದೊಡ್ಡ ಕೋಲಿನ ಏಟು, ದುಡಿತ, ದೂರಕ್ಕೆ ಅಟ್ಟುವುದು, ಸಾವು. ಒಟ್ಟಾಗಿ ‘ವು ಶಿಂಗ್’, ಐದು ಶಿಕ್ಷೆ. ಗೆಳೆಯರೊಬ್ಬರು ‘ಪಂಚದಂಡ’ ಅನ್ನಿ ಎಂದರು. ಕೇಳೋಕೆ ಚೆನ್ನಾಗಿದೆ, ಆದರೆ ತೊಡಕು ಶುರುವಾಗುವುದೂ ಅಲ್ಲೇ.

ದಂಡ ಅಂದರೆ ಮೂಲದಲ್ಲಿ ಕೋಲು. ‘ದಂಡಂ ದಶಗುಣಂ’ ಅನ್ನುವಾಗ ಆ ಕೋಲು ಇನ್ನೂ ಕಣ್ಣಿಗೆ ಕಾಣುತ್ತದೆ. ಚೀನಿಯರ ಎರಡನೇ ಶಿಕ್ಷೆಯ ಹೆಸರು ‘ಝಾಂಗ್’, ಅದಕ್ಕೂ ಕೋಲು ಅಂತಲೇ ಅರ್ಥ. ಹಾಗಾಗಿ ದಂಡ ಅಂದರೆ ಅಚ್ಚುಕಟ್ಟಾಗಿ ಕೂರಬೇಕಿತ್ತು. ಆದರೆ ಇವತ್ತು ‘ನೂರು ದಂಡ ಬಿತ್ತು’ ಅಂದರೆ ಯಾರೂ ಬೆನ್ನು ಮುಟ್ಟಿಕೊಳ್ಳುವುದಿಲ್ಲ, ಜೇಬು ಮುಟ್ಟಿಕೊಳ್ಳುತ್ತಾರೆ. ಇನ್ನೂ ತಮಾಷೆ ಏನೆಂದರೆ, ಟಾಂಗ್ ಕಾನೂನಿನಲ್ಲಿ ಕೆಲವರು ಏಟಿನ ಬದಲು ತಾಮ್ರ ಕೊಟ್ಟು ಪಾರಾಗಬಹುದಿತ್ತು. ಅಧಿಕಾರಿಗಳ ಮನೆಯವರು, 70 ದಾಟಿದವರು, ಮಕ್ಕಳು, ಇಂಥವರಿಗೆ ಈ ಅವಕಾಶ. 10 ಏಟಿಗೆ 1 ಜಿನ್ (ಅವರ ತೂಕದ ಅಳತೆ) ತಾಮ್ರ, ಸಾವಿಗೆ 120 ಜಿನ್. ಅಂದರೆ ದಂಡದ ಬದಲು ದಂಡ ಕಟ್ಟುವುದು! ಈ ವಾಕ್ಯವನ್ನು ಹೇಗೆ ಬರೆಯಲಿ ಹೇಳಿ.

ಸಣ್ಣ ಕೋಲಿನ ಏಟಿಗೆ ಅವರ ಹೆಸರು ‘ಛಿ’. 10ರಿಂದ 50 ಏಟು. ಅದಕ್ಕಿಂತ ಜಾಸ್ತಿಯಾದರೆ, 60ರಿಂದ 100ರವರೆಗೆ, ಝಾಂಗ್. ಆ ಸಂಹಿತೆಯ ಟೀಕೆ, ಅಂದರೆ ಅದರ ಜೊತೆಗಿರುವ ವಿವರಣೆ, ನಮ್ಮಂತೆಯೇ ಪದಚರ್ಚೆಗೆ ಇಳಿಯುತ್ತದೆ: ಛಿ ಅಂದರೆ ಹೊಡೆಯುವುದು, ಜೊತೆಗೆ ನಾಚಿಕೆ ಅಂತಲೂ ಅರ್ಥ ಎನ್ನುತ್ತದೆ. ನಾಚಿಕೆಗೂ ಅವರಲ್ಲಿ ಅದೇ ಉಲಿಯ ಪದ ಇದೆ. ನಮ್ಮ ‘ಛೀ’, ‘ಛೀಮಾರಿ’ ನೆನಪಾಗಿ ನಕ್ಕೆ. ಮೂರನೇ ಶಿಕ್ಷೆಯ ಹೆಸರು ‘ಥು’. ಛೀ, ಥೂ ಎರಡೂ ಆಯಿತು! ಬರೀ ಕಾಕತಾಳೀಯ, ಯಾರೂ ಇದರ ಮೇಲೆ ನಂಟಿನ ಗೋಪುರ ಕಟ್ಟಬೇಡಿ.

ಟಾಂಗ್‌ಗಿಂತ ಹಿಂದಿನ ಹಾನ್ ಅರಸರ ಕಾಲದಲ್ಲಿ ಛಿಗೆ ಬಿದಿರು ಬಳಸುತ್ತಿದ್ದರು, ಈಗ ‘ಚು’ ಗಿಡದ ಕಡ್ಡಿ ಎನ್ನುತ್ತದೆ ಅದೇ ಟೀಕೆ. ಚು ಅಂದರೆ ನಮ್ಮ ಲಕ್ಕಿ ಗಿಡದ ಜಾತಿಯದೇ. ಲಕ್ಕಿ ಬರಲಿನ ರುಚಿ ಕಂಡ ಕೈ ನನ್ನದು, ಹಾಗಾಗಿ ಛಿಗೆ ‘ಬರಲೇಟು’ ಅಂತ ಬರೆದುಬಿಟ್ಟೆ. ಝಾಂಗ್‌ಗೆ ‘ದೊಣ್ಣೆ ಏಟು’ ಅಂದರೆ ತೀರಾ ಬೀದಿಜಗಳದ ಹಾಗೆ ಕೇಳುತ್ತದೆ. ‘ಬಡಿಗೆ ಏಟು’ ಮೇಲಾದೀತೇ? ಉತ್ತರ ಕರ್ನಾಟಕದವರು ಹೇಳಬೇಕು.

ಥು ಅಂದರೆ 1ರಿಂದ 3 ವರ್ಷ ಸರ್ಕಾರಕ್ಕೆ ಗೇಯುವುದು. ‘ಕಠಿಣ ಸಜೆ’ ಎಂದರೆ ಓದುಗರು ಜೈಲಿನ ಕಂಬಿ ನೆನೆಸಿಕೊಳ್ಳುತ್ತಾರೆ, ಅಲ್ವಾ? ಆದರೆ ಈ ಐದರಲ್ಲಿ ಜೈಲುವಾಸ ಇಲ್ಲವೇ ಇಲ್ಲ. ‘ಬಿಟ್ಟಿ’ ಸರಿಹೋಗುತ್ತಿತ್ತು, ಅದೂ ಈಗ ಪುಕ್ಕಟೆಯಾಗಿಬಿಟ್ಟಿದೆ. ಸದ್ಯಕ್ಕೆ ‘ಬಿಟ್ಟಿ ಚಾಕರಿ’ ಅಂತ ಇಟ್ಟಿದ್ದೇನೆ.

ಸಾವಿನಲ್ಲಿ ಎರಡು ಬಗೆ. ತಲೆ ಕಡಿಯುವುದು ದೊಡ್ಡದು, ಹಗ್ಗದಿಂದ ಕೊರಳು ಬಿಗಿಯುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮೈ ಅಪ್ಪ ಅಮ್ಮ ಕೊಟ್ಟಿದ್ದು, ಅದು ಇಡಿಯಾಗಿ ಉಳಿಯಬೇಕು ಅನ್ನುವ ನಂಬಿಕೆ. ಎರಡನೆಯದಕ್ಕೆ ‘ಗಲ್ಲು’, ‘ನೇಣು’ ಎರಡೂ ಬೇಡ. ಅಲ್ಲಿ ಯಾರನ್ನೂ ತೂಗುಹಾಕುವುದಿಲ್ಲ. ಮೊದಲನೆಯದಕ್ಕೆ ‘ತಲೆದಂಡ’ ಎಂಬ ಒಳ್ಳೇ ಪದ ಇತ್ತು. ಪತ್ರಿಕೆಗಳಲ್ಲಿ ಸಚಿವರು ರಾಜೀನಾಮೆ ಕೊಟ್ಟಾಗಲೆಲ್ಲ ಅದನ್ನು ಬಳಸಿ ಬಳಸಿ ಸವೆಸಿದ್ದೇವೆ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ನಾಲ್ಕನೆಯದು, ‘ಲಿಯು’. 2000, 2500 ಅಥವಾ 3000 ಲೀ ದೂರಕ್ಕೆ ಅಟ್ಟುವುದು. ಒಂದು ಲೀ ಸುಮಾರು ಅರ್ಧ ಕಿಲೋಮೀಟರು. ‘ಗಡಿಪಾರು’ ಎಂದು ಬರೆದೆ, ಹೊಡೆದುಹಾಕಿದೆ. ಗಡಿಪಾರಾದವನು ಆ ಜಿಲ್ಲೆ ಬಿಟ್ಟು ಎಲ್ಲಿಗೆ ಹೋದರೂ ನಡೆಯುತ್ತದೆ. ಲಿಯು ಆದವನು ಹೇಳಿದ ಜಾಗದಲ್ಲೇ ಇರಬೇಕು, ಅಲ್ಲಿ ಒಂದು ವರ್ಷ ಗೇಯಬೇಕು, ಹೆಂಡತಿಯೂ ಜೊತೆಗೆ ಹೋಗಲೇಬೇಕು. ಅವನು ಸಾಮ್ರಾಜ್ಯದ ಗಡಿ ದಾಟುವುದೂ ಇಲ್ಲ. ಲಿಯು ಅಂದರೆ ನಿಜಕ್ಕೂ ‘ಹರಿ’, ನೀರು ಹರಿಯುವ ಹರಿ. ಆ ಅಕ್ಷರದ ಎಡಬದಿಯಲ್ಲೇ ನೀರಿನ ಗುರುತಿದೆ. ‘ಕರಿನೀರಿನ ಶಿಕ್ಷೆ’ ಬಾಯಿಗೆ ಬಂತು. ಆದರೆ ಅದು ಅಂಡಮಾನಿನದು, ಕಡಲು ದಾಟಿಸಿದ್ದು. ಟಾಂಗ್ ಕೈದಿಗೆ ಅಂಟಿಸಿದರೆ ಓದುಗರು ಹಡಗು ಹುಡುಕುತ್ತಾರೆ.

‘ದೂರವಾಸ’? ‘ಹೊರನೂಕು’? ಹರಿಯುವ ಅರ್ಥ ಉಳಿಸಿಕೊಳ್ಳುವ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ನಿಮ್ಮ ಊರಿನಲ್ಲಿ ಬರಲಿಗೆ ಬೇರೆ ಹೆಸರಿದ್ದರೆ ಅದನ್ನೂ ಹೇಳಿ.