ಕಾಲರಿಗೆ ಗಂಜಿ, ಹಿಮ್ಮಡಿಗೆ ಪಾಲಿಷು

ಬುಧವಾರ ಸಂಜೆ. ಮೈಸೂರಿನ ಒಂದು ಗಲ್ಲಿ. ನಂಜುಂಡಪ್ಪನ ಟೈಲರ್ ಅಂಗಡಿ, ಪಕ್ಕದಲ್ಲೇ ಶಿವಣ್ಣನ ಇಸ್ತ್ರಿ ಗಾಡಿ, ಅಂಗಡಿಯ ಒಂದು ಮೂಲೆಯಲ್ಲಿ ಗಿರಿಜಕ್ಕನ ಫಾಲ್-ಪೀಕೋ ಮೆಷಿನ್ನು. ಸೀನಿ ಎರಡು ಕವರು ಹಿಡಿದು ಬಂದ.

ಸೀನಿ: ಭಾನುವಾರ ಮಗನ ನಿಶ್ಚಿತಾರ್ಥ. ಹೆಣ್ಣಿನ ಕಡೆಯವರು ಕಾಫಿ ತೋಟದೋರು. ಅವರ ಮುಂದೆ ನಾನು ಸೌಕಾರ್ರ ಥರ ಕಾಣಬೇಕು. ಕೈಲಿರೋದು ಎರಡು ಸಾವಿರ.

ಶಿವಣ್ಣ: ಎರಡು ಸಾವಿರಕ್ಕೆ ಸೌಕಾರ ಆಗೋಕಾಗಲ್ಲ. ಕಾಣಬಹುದು. ತೋರಿಸು ಏನು ತಂದಿದೀಯ.

ಸೀನಿ ಕವರು ಬಿಚ್ಚಿದ. ಮಿರಮಿರ ಮಿಂಚೋ ಮರೂನ್ ಶರ್ಟು. ಎದೆ ಮೇಲೆ ಇಡ್ಲಿ ಗಾತ್ರದ ಕುದುರೆ.

ನಂಜುಂಡಪ್ಪ: ಇದನ್ನ ಹಾಕ್ಕೊಂಡು ಹೋದ್ರೆ ಬ್ಯಾಂಡ್‌ಸೆಟ್ಟಿನೋರು ‘ಬಾರಯ್ಯ, ಡೋಲು ಹಿಡ್ಕೋ’ ಅಂತಾರೆ.

ಸೀನಿ: ಹೊಳೀತದಲ್ಲ!

ನಂಜುಂಡಪ್ಪ: ಹೊಳೆಯೋದು ಸ್ಟೀಲ್ ಲೋಟ. ಬಟ್ಟೆ ಹೊಳೀಬೇಕಾಗಿಲ್ಲ, ಕೂರಬೇಕು. ನಿಂತ್ಕೋ. ನೋಡು, ಭುಜದ ಹೊಲಿಗೆ ಭುಜದ ಮೂಳೆ ಮುಗಿಯೋ ಕಡೆಗೇ ಬರಬೇಕು. ಕೆಳಗಿಳಿದ್ರೆ ಅಣ್ಣನ ಶರ್ಟು, ಮೇಲೆ ಹತ್ತಿದ್ರೆ ತಮ್ಮನ ಶರ್ಟು. ನಿಂದು ಯಾರೋ ದೊಡ್ಡಪ್ಪಂದು. ರೆಡಿಮೇಡ್ ತಗೊಳ್ಳೋವಾಗ ಭುಜ ಒಂದು ಸರಿ ಇದ್ರೆ ಸಾಕು. ಹೊಟ್ಟೆ ಕಡೆ ಸಡಿಲ ಇದ್ರೆ ಸೈಡು ಹಿಡೀತೀನಿ, ತೋಳು ಉದ್ದ ಇದ್ರೆ ಕತ್ತರಿಸ್ತೀನಿ. ಭುಜಕ್ಕೆ ಕೈ ಹಾಕಿದ್ರೆ ಎರಡೂ ತೋಳು ಬಿಚ್ಚಬೇಕು. ಆ ದುಡ್ಡಿಗೆ ಇನ್ನೊಂದು ಶರ್ಟೇ ಬರುತ್ತೆ.

ಸೀನಿ: ಹಂಗಾದ್ರೆ ಹೊಸದೇ ಹೊಲಿ.

ನಂಜುಂಡಪ್ಪ: ಬಿಳಿ ಕಾಟನ್ನು, 58 ಇಂಚು ಪನ್ನದ್ದು, ಅಂದ್ರೆ ಅಗಲದ್ದು, 1.60 ಮೀಟರ್ ತಗೋ. ಚೆಕ್ಸ್ ಆಸೆಪಟ್ರೆ ಕಾಲು ಮೀಟರ್ ಜಾಸ್ತಿ ಬೇಕು. ಜೇಬಿನ ಗೆರೆ ಎದೆಯ ಗೆರೆಗೆ ಕೂಡಬೇಕಲ್ಲ, ಅದಕ್ಕೆ. ಗೆರೆ ಕೂಡದ ಶರ್ಟು ಎಷ್ಟೇ ಬೆಲೆದಾದ್ರೂ ಅಗ್ಗವಾಗೇ ಕಾಣುತ್ತೆ. ಇವತ್ತು ರಾತ್ರಿನೇ ಬಟ್ಟೆ ನೀರಲ್ಲಿ ನೆನೆಹಾಕಿ, ಒಣಗಿಸಿ, ನಾಳೆ ಕೊಡು. ನೆನೆಸದೆ ಹೊಲಿಸಿದ್ರೆ ಮೊದಲ ಒಗೆತಕ್ಕೇ ಕುಗ್ಗಿ ಹೊಟ್ಟೆ ಹತ್ರ ಗುಂಡಿ ಬಾಯಿ ಬಿಡುತ್ತೆ.

ಗಿರಿಜಕ್ಕ: ಕಾಲರ್ ಕ್ಯಾನ್ವಾಸ್ ವಿಷಯ ಹೇಳು.

ನಂಜುಂಡಪ್ಪ: ಹ್ಞಾ. ಕಾಲರ್ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಅಗ್ಗದ ಅಂಟು ಕ್ಯಾನ್ವಾಸ್ ಹಾಕಿರ್ತಾರೆ. ನಾಲ್ಕು ಸಲ ಒಗೆದ ಮೇಲೆ ಅಂಟು ಬಿಟ್ಟು ಕಾಲರ್ ಹಪ್ಪಳದ ಹಾಗೆ ಉಬ್ಬುತ್ತೆ. ಬಿಳಿ ಶರ್ಟಲ್ಲಿ ಮೊದಲು ಕಣ್ಣಿಗೆ ಬೀಳೋದೇ ಅದು. ಕೊರಳ ಗುಂಡಿ ಹಾಕಿದಾಗ ಕಾಲರ್ ಒಳಗೆ ಎರಡು ಬೆರಳು ಹೋಗಬೇಕು. ಮೂರು ಹೋದ್ರೆ ನೀನು ಆಮೆ, ಒಂದೇ ಹೋದ್ರೆ ನಿನ್ನ ಮುಖ ಟೊಮೇಟೊ. ಇನ್ನೊಂದು, ಜೇಬಲ್ಲಿ ಆ ಇಟ್ಟಿಗೆಯಂಥ ಫೋನು ಇಡಬೇಡ. ಎಡಗಡೆ ಜಗ್ಗಿ ಕಾಲರ್ರೇ ಓರೆಯಾಗುತ್ತೆ.

ಶಿವಣ್ಣ: ಕಾಲರ್ ನಿಲ್ಲಿಸೋದು ಟೈಲರ್ರಲ್ಲ, ನಾನು. ಬರ್ಕೋ ಸೀನಿ. ಎರಡು ಚಮಚ ಸಬ್ಬಕ್ಕಿ ರಾತ್ರಿ ನೆನೆಹಾಕು. ಬೆಳಿಗ್ಗೆ ಅರ್ಧ ಲೀಟರ್ ನೀರಲ್ಲಿ ಕಾಳಿನ ಬಿಳುಪು ಹೋಗೋವರೆಗೂ ಕುದಿಸು. ತೆಳು ಬಟ್ಟೇಲಿ ಸೋಸು. ಸೋಸೋದು ಬಿಟ್ರೆ ಕೆಟ್ಟೆ. ಗಂಜಿ ಗಂಟು ಕೂತಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿದ ತಕ್ಷಣ ದೋಸೆ ಹಾಗೆ ಕಂದು ಮಚ್ಚೆ ಏಳುತ್ತೆ. ಸೋಸಿದ್ದನ್ನ ಮೂರು ಲೀಟರ್ ತಣ್ಣೀರಿಗೆ ಬೆರೆಸಿ, ಒಗೆದು ಹಿಂಡಿದ ಶರ್ಟು, ಪಂಚೆ ಎರಡನ್ನೂ ಅದರಲ್ಲಿ ಅದ್ದು.

ಸೀನಿ: ನೀಲಿ?

ಶಿವಣ್ಣ: ನಾಲ್ಕು ಹನಿ. ಮೊದಲು ನೀರಿಗೆ, ಚೆನ್ನಾಗಿ ಕಲಕಿ, ಆಮೇಲೆ ಬಟ್ಟೆ. ಬಟ್ಟೆ ಮೇಲೇ ಹನಿಸಿದ್ರೆ ಶ್ರೀಮಂತ ಹೋಗಿ ಹೋಳಿ ಹುಣ್ಣಿಮೆ ಆಗ್ತೀಯ. ಪೂರ್ತಿ ಒಣಗೋಕೆ ಬಿಡಬೇಡ. ಸ್ವಲ್ಪ ತೇವ ಇದ್ದಾಗಲೇ ತೆಗೆದು, ಸುರುಳಿ ಸುತ್ತಿ ಅರ್ಧ ಗಂಟೆ ಇಟ್ಟು ನನಗೆ ಕೊಡು. ಗಂಜಿ ಬಟ್ಟೆ ಕಡಕ್ಕಾಗಿ ಒಣಗಿದ ಮೇಲೆ ಯಾವ ಪೆಟ್ಟಿಗೆಗೂ ಬಗ್ಗಲ್ಲ.

ನಂಜುಂಡಪ್ಪ: ಕಾಲರ್ ಇಸ್ತ್ರಿ ಇವನು ಮಾಡೋದು ನೋಡಬೇಕು.

ಶಿವಣ್ಣ: ಮೊದಲು ಕಾಲರಿನ ಹಿಂಬದಿ, ಆಮೇಲೆ ಮುಂಬದಿ. ಎರಡು ಮೂಲೆಯಿಂದ ಮಧ್ಯಕ್ಕೆ ಬರಬೇಕು. ಮಧ್ಯದಿಂದ ಮೂಲೆಗೆ ತಳ್ಳಿದ್ರೆ ಸುಕ್ಕೆಲ್ಲ ಹೋಗಿ ತುದೀಲಿ ಕೂರುತ್ತೆ, ಬೀಗರಿಗೆ ಎದುರಿಗೇ. ಆಮೇಲೆ ಕಫ್ಫು, ತೋಳು, ಭುಜದ ಪಟ್ಟಿ, ಕೊನೆಗೆ ಮೈ. ಗುಂಡಿಗಳ ಮಧ್ಯೆ ಪೆಟ್ಟಿಗೆ ಮೂತಿ ತೂರಿಸಬೇಕು. ಆ ಜಾಗ ಯಾರೂ ಮಾಡಲ್ಲ, ಎಲ್ಲರೂ ನೋಡ್ತಾರೆ. ಬಿಸಿಬಿಸಿಯಾಗಿರುವಾಗಲೇ ಶರ್ಟು ತೊಟ್ರೆ ಮೊಣಕೈ ಸುಕ್ಕು ಅಚ್ಚಾಗಿಬಿಡುತ್ತೆ. ಹ್ಯಾಂಗರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ತೊಡು.

ಸೀನಿ: ಪಂಚೆಗೆ ಏನು? ಜರಿ ಅಂಚು ಒಂದು ಗೇಣು ಇರೋದು ನೋಡಿಟ್ಟಿದೀನಿ.

ಗಿರಿಜಕ್ಕ: ಒಂದು ಗೇಣಾ? ಉಟ್ಕೊಂಡು ಹೋದ್ರೆ ಮಂಟಪಕ್ಕೆ ಕಟ್ತಾರೆ ನಿನ್ನ. ಅಂಚು ಒಂದಿಂಚು ಸಾಕು. ಎಂಟು ಮೊಳದ್ದು ತಗೊಂಡು ಎರಡು ಮಡಿಕೆ ಮಾಡಿ ಉಡು. ಒಂಟಿ ಪಂಚೆಯಾದ್ರೆ ಕಿಟಕಿಗೆ ಬೆನ್ನು ಮಾಡಿ ನಿಂತಾಗ ಒಳಗಿನ ಪಟ್ಟಾಪಟ್ಟಿ ಚಡ್ಡಿ ಪೂರ್ತಿ ಊರಿಗೆ ದರ್ಶನ.

ಶಿವಣ್ಣ: ವೆಲ್ಕ್ರೋ ಅಂಟಿಸೋ ಪಂಚೆ ಬಂದಿದೆಯಲ್ಲಕ್ಕ?

ಗಿರಿಜಕ್ಕ: ಬಂದಿದೆ. ನಿಂತಾಗ ಚೆನ್ನಾಗೇ ಇರುತ್ತೆ. ಊಟಕ್ಕೆ ಕೂತು ಹೋಳಿಗೆ ಎರಡನೆಯದು ಹಾಕಿಸ್ಕೊಂಡಾಗ ‘ಪರ್ರ್’ ಅನ್ನುತ್ತೆ. ಪಂಕ್ತೀಲಿ ಎಲ್ಲರೂ ತಿರುಗ್ತಾರೆ, ಯಾವ ಸದ್ದು ಅಂತ ವಿವರಿಸೋಕೆ ಹೋದ್ರೆ ಇನ್ನೂ ಅನುಮಾನ.

ಎರಡನೇ ಕವರಿನಿಂದ ಮೈಸೂರು ಸಿಲ್ಕ್ ಸೀರೆ ಹೊರಬಂತು. ಗಿರಿಜಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು.

ಗಿರಿಜಕ್ಕ: ಆಹಾ, ಇದು ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ಫ್ಯಾಕ್ಟರಿದೇ. 1912ರಿಂದ ನೇಯ್ತಾ ಇದಾರೆ. ಇದಿದ್ದೂ ಆ ಮರೂನಿಗೆ ದುಡ್ಡು ಸುರಿದ್ಯಲ್ಲೋ! ಫಾಲ್ ಹಾಕಿಲ್ವಾ?

ಸೀನಿ: ಅದಕ್ಕೇ ತಂದಿದ್ದು. ಈಗಲೇ ಹೊಲಿದು ಕೊಡಿ ಅಕ್ಕ.

ಗಿರಿಜಕ್ಕ: ಈಗಲೇ ಆಗಲ್ಲ. ಫಾಲ್ ಬಟ್ಟೆ ಹತ್ತಿದು, ಐದಿಂಚು ಅಗಲ. ಅದನ್ನ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಯೋದು. ಹಾಗೇ ಹೊಲಿದ್ರೆ ಆಮೇಲೆ ನೀರು ಬಿದ್ದಾಗ ಫಾಲ್ ಕುಗ್ಗುತ್ತೆ, ರೇಷ್ಮೆ ಅದರಷ್ಟೇ ಕುಗ್ಗಲ್ಲ. ಕೆಳಗಿನ ಅಂಚೆಲ್ಲ ಸುರುಟಿ ಚಕ್ಕುಲಿ ಆಗುತ್ತೆ. ಅಷ್ಟು ಸಾವಿರದ ಸೀರೆ ಒಂದು ಅಗ್ಗದ ಪಟ್ಟಿಯಿಂದ ಹಾಳು. ಕೆಳಗೆ ಮೆಷಿನ್ನು, ಮೇಲೆ ಕೈಹೊಲಿಗೆ. ಹೊರಗಡೆಯಿಂದ ನೂಲು ಕಾಣಬಾರದು.

ನಂಜುಂಡಪ್ಪ: ಅಕ್ಕ ನೂಲಿನ ಬಣ್ಣ ಹೊಂದಿಸೋಕೆ ಮೂವತ್ತು ರೀಲು ತೆಗೀತಾಳೆ.

ಗಿರಿಜಕ್ಕ: ತೆಗೀತೀನಿ. ಹೆಂಡತಿಗೆ ಹೇಳು, ಸ್ಯಾಟಿನ್ ಲಂಗ ಬೇಡ. ರೇಷ್ಮೆ ಮೊದಲೇ ಜಾರುತ್ತೆ, ಸ್ಯಾಟಿನ್ನೂ ಜಾರುತ್ತೆ, ಎರಡೂ ಸೇರಿದ್ರೆ ನೆರಿಗೆ ಆರತಿ ಹೊತ್ತಿಗೆ ನೆಲದಲ್ಲಿ. ಕಾಟನ್ ಲಂಗ, ಸೀರೆ ಅಂಚಿಗಿಂತ ಒಂದಿಂಚು ಮೇಲೆ. ಚಪ್ಪಲಿ ಮೆಟ್ಟಿಕೊಂಡೇ ಸೀರೆ ಉಡಲಿ. ಬರಿಗಾಲಲ್ಲಿ ಅಳತೆ ನೋಡಿ ಉಟ್ಟು, ಆಮೇಲೆ ಹಿಮ್ಮಡಿ ಎತ್ತರದ್ದು ಹಾಕಿದ್ರೆ ಕಣಕಾಲು ಕಾಣುತ್ತೆ.

ಸೀನಿ: ಸೆಂಟು ಜೋರಾಗೇ ಹೊಡೀತಾಳೆ ಬಿಡಿ.

ಗಿರಿಜಕ್ಕ: ಅಯ್ಯೋ! ಜರಿ ಅಂದ್ರೆ ಪೂರ್ತಿ ಚಿನ್ನ ಅಂದ್ಕೊಂಡಿದೀಯಾ? ನೂರರಲ್ಲಿ 65 ಪಾಲು ಬೆಳ್ಳಿ, ಚಿನ್ನ 0.65. ಬೆಳ್ಳಿ ಅಂದ್ಮೇಲೆ ಕಪ್ಪಾಗೋ ಜಾತಿ. ಸೆಂಟು ಮೈಗೆ ಹಾಕಿ, ಆರಿದ ಮೇಲೆ ಸೀರೆ. ನುಸಿಗುಳಿಗೆಯನ್ನೂ ಜರಿಗೆ ತಾಗಿಸಿ ಇಡಬಾರದು. ಹಳೇ ಬಿಳಿ ಪಂಚೇಲಿ ಸುತ್ತಿಟ್ಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಬೇಕು. ಅದೇ ಮಡಿಕೇಲಿ ವರ್ಷಗಟ್ಟಲೆ ಬಿಟ್ರೆ ಅಲ್ಲೇ ಸೀಳುತ್ತೆ.

ಶಿವಣ್ಣ: ಕೇಳಿದ್ಯಾ ಸೀನಿ? ಕಾಲರಿನ ಅಂಚು, ಪಂಚೆ ಅಂಚು, ಸೀರೆ ಅಂಚು. ದುಡ್ಡು ಇದೆಯೋ ಇಲ್ವೋ ಅಂತ ಜನ ನೋಡೋದು ಅಲ್ಲೇ. ಮಧ್ಯದ ಬಟ್ಟೆ ಯಾರ ಕಣ್ಣಿಗೂ ಬೀಳಲ್ಲ.

ನಂಜುಂಡಪ್ಪ: ತಲೆ ಅಂಚೂ ಇದೆಯಪ್ಪ. ಕೂದಲಿಗೆ ಬಣ್ಣ ಹಚ್ಚೋವಾಗ ಹಣೆ, ಕಿವಿ ಸುತ್ತ ಮೊದಲು ವ್ಯಾಸಲೀನ್ ಸವರು. ಇಲ್ದಿದ್ರೆ ಹಣೆ ಮೇಲೆ ಕಪ್ಪು ಬಾರ್ಡರ್ ಬರುತ್ತೆ, ಅದಕ್ಕೆ ಜರಿ ಒಂದು ಕಮ್ಮಿ. ಶುಕ್ರವಾರವೇ ಹಚ್ಚು, ಭಾನುವಾರ ಬೆಳಿಗ್ಗೆ ಬೇಡ. ಎರಡು ಸಲ ತಲೆಗೆ ನೀರು ಬಿದ್ರೆ ಇದ್ದಿಲು ಕಪ್ಪು ಸ್ವಲ್ಪ ಇಳಿಯುತ್ತೆ. ಕಿವಿ ಮೇಲಿನ ಕಾಡು ಕತ್ತರಿಸೋಕೆ ಕ್ಷೌರದಂಗಡೀಲಿ ಬಾಯಿಬಿಟ್ಟು ಹೇಳು, ಅವನಾಗೇ ಮಾಡಲ್ಲ.

ಸೀನಿ: ಆಯ್ತು. ಚಪ್ಪಲಿ ಮಾತ್ರ ಹೊಸದು ತಗೋತೀನಿ.

ಶಿವಣ್ಣ: ಚಪ್ಪಲಿ ಛತ್ರದ ಬಾಗಿಲಲ್ಲೇ ಬಿಡ್ತೀಯಲ್ಲ! ಆಮೇಲೆ ಇಡೀ ದಿನ ಕಾಣೋದು ನಿನ್ನ ಹಿಮ್ಮಡಿ. ತೋರಿಸು... ಶಿವನೇ, ಬರಗಾಲದ ಕೆರೆ ಇದ್ದಂಗಿದೆ!

ಗಿರಿಜಕ್ಕ: ನಾಲ್ಕು ರಾತ್ರಿ ಇದೆ. ದಿನಾ ಕಾಲು ಗಂಟೆ ಬಿಸಿನೀರಲ್ಲಿ ಕಾಲಿಡು, ಕಲ್ಲಲ್ಲಿ ಮೆಲ್ಲಗೆ ಉಜ್ಜು, ಒರೆಸಿ ವ್ಯಾಸಲೀನ್ ಹಚ್ಚಿ ಕಾಲುಚೀಲ ಹಾಕಿ ಮಲಕ್ಕೋ. ಒಂದೇ ದಿನ ಉಜ್ಜಿ ಮುಗಿಸ್ತೀನಿ ಅಂತ ಹೊರಟರೆ ರಕ್ತ ಬಂದು ಕುಂಟಿಕೊಂಡು ಹೋಗ್ತೀಯ.

ನಂಜುಂಡಪ್ಪ: ಹಳೇ ಚರ್ಮದ ಚಪ್ಪಲೀನೇ ಸಾಕು. ಧೂಳು ಒರೆಸಿ, ಡಬ್ಬಿ ಪಾಲಿಷು ಕಡಲೆಕಾಳಿನಷ್ಟು ತಗೊಂಡು ಸುತ್ತು ಸುತ್ತಾಗಿ ತಿಕ್ಕು. ಹತ್ತು ನಿಮಿಷ ಬಿಟ್ಟು ಬ್ರಷ್, ಆಮೇಲೆ ಬಟ್ಟೆ. ಅಟ್ಟೆಯ ಪಕ್ಕಕ್ಕೂ ಹಚ್ಚೋದು ಮರೀಬೇಡ.

ಸೀನಿ: ಸರಿ, ಇದನ್ನೆಲ್ಲ ಮಾಡಿದ್ರೆ ಎರಡು ಸಾವಿರದಲ್ಲಿ ಉಳಿಯುತ್ತೇನೋ. ಈ ಮರೂನ್ ಶರ್ಟು ಏನು ಮಾಡ್ಲಿ? ವಾಪಸ್ ತಗೊಳ್ಳಲ್ಲ ಅಂದ್ರು. ಚಪ್ಪಲಿ ಒರೆಸೋ ಬಟ್ಟೆ ಮಾಡ್ಕೊಳ್ಲಾ?

ಶಿವಣ್ಣ ಶರ್ಟಿನ ತುದಿ ಬೆರಳಲ್ಲಿ ತಿಕ್ಕಿ ನೋಡಿದ.

ಶಿವಣ್ಣ: ಪಾಲಿಯೆಸ್ಟರು. ಪಾಲಿಷು ಹೀರಲ್ಲ, ಜಾರುತ್ತೆ. ಅದಕ್ಕೆ ಹಳೇ ಬನಿಯನ್ನೇ ಆಗಬೇಕು.